ಬುಟ್ಟಿ ನೋಡಿ ಹೊಳೆಯ ಲೆಕ್ಕ ಹೇಳಬೇಡಿ

ಕುಮಟಾದ ಓದುಗರೊಬ್ಬರ ಪತ್ರ: 'ನಮ್ಮ ಪೇಟೆಯಲ್ಲಿ ಈ ಸಲವೂ ಬಳಚು (ಅಳಿವೆಯ ಕೆಸರಿನಲ್ಲಿ ಸಿಗುವ, ತಿನ್ನುವ ಚಿಪ್ಪುಜೀವಿ) ರಾಶಿ ಬಿದ್ದಿದೆ. ಆದರೂ ವಿಜ್ಞಾನಿಗಳು ಕೆಸರು ಬಗೆದು, ಚಿಪ್ಪು ಎಣಿಸಿ, ಹಿಡಿಯುವುದಕ್ಕೆ ಮಿತಿ ಬೇಕು ಅಂತಾರೆ. ಇದು ಬಡವರ ಹೊಟ್ಟೆ ಮೇಲೆ ಹೊಡೆಯುವ ಕೆಲಸ ಅಲ್ವಾ?'

ಉತ್ತರ: ನಿಮ್ಮ ಸಿಟ್ಟು ನ್ಯಾಯವೇ. ಇಳಿತದ ಹೊತ್ತಿನಲ್ಲಿ ಬಗ್ಗಿ ಬಳಚು ಹೆಕ್ಕುವವರ ಸೊಂಟನೋವು ಮಿತಿ ಬರೆಯುವವರಿಗೆ ಗೊತ್ತಾಗುವುದಿಲ್ಲ. ಆದರೆ ಬುಟ್ಟಿ ನೋಡಿ ಹೊಳೆಯ ಲೆಕ್ಕ ಹೇಳಿದಿರಲ್ಲ, ನನ್ನ ತಕರಾರು ಅದಕ್ಕೆ.

ಮೊದಲು ಒಂದು ತಾಸಿನಲ್ಲಿ ತುಂಬುತ್ತಿದ್ದ ಬುಟ್ಟಿಗೆ ಈಗ ಮೂರು ತಾಸು ಬೇಕು ಅಂತಿಟ್ಟುಕೊಳ್ಳಿ. ಪೇಟೆಗೆ ಬರುವುದು ಅದೇ ತುಂಬಿದ ಬುಟ್ಟಿ! ಅದಕ್ಕೇ ತಿಳಿದವರು ಕೆಸರಿಗೆ ಇಳಿಯುತ್ತಾರೆ. ಚೌಕಟ್ಟು ಇಟ್ಟು, ಒಳಗಿನ ಮಣ್ಣು ಜರಡಿ ಹಿಡಿದು, ಒಂದೊಂದು ಚಿಪ್ಪನ್ನೂ ಅಳೆಯುತ್ತಾರೆ. ಬರೀ ದೊಡ್ಡವೇ ಸಿಕ್ಕರೆ ಹೊಸ ಮರಿ ಕೂತಿಲ್ಲ ಅನ್ನುವ ಅನುಮಾನ. ಬರೀ ಸಣ್ಣವೇ ಸಿಕ್ಕರೆ, ಬೆಳೆಯಲು ನಾವೇ ಬಿಡುತ್ತಿಲ್ಲವೇನೋ. ಚಿಪ್ಪಿಗೆ ತಕ್ಕ ಮಾಂಸ ಇದೆಯಾ ಅಂತಲೂ ತೂಗುತ್ತಾರೆ. ನಮ್ಮಮ್ಮ ಇದನ್ನು ತಕ್ಕಡಿ ಇಲ್ಲದೇ ಮಾಡುತ್ತಿದ್ದಳು: 'ಬರೀ ಚಿಪ್ಪು ತಂದ್ಯಲ್ಲೋ, ತಿನ್ನೋದೇನು?'

ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನ ಕಥೆ ಕೇಳಿ. ರಫ್ತಿನ ಆಸೆಗೆ ಅಲ್ಲೂ ಬಳಚು ಬಾಚಿದ್ದೇ ಬಾಚಿದ್ದು. 1990ರ ದಶಕದ ಆರಂಭದಲ್ಲಿ ಸಿಗುವ ಬಳಚೇ ಕುಸಿಯಿತು. ಆಮೇಲೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಅಂದರೆ ಮರಿ ಹಾಕುವ ಕಾಲಕ್ಕೆ, ಹಿಡಿಯುವುದು ಬಂದ್. ಬಲೆಯ ಕಣ್ಣು ಕನಿಷ್ಠ 30 ಮಿಲಿಮೀಟರ್. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರ ಎಣಿಕೆ ಬೆನ್ನಿಗಿತ್ತು. ಬಳಚು ಮತ್ತೆ ಚೇತರಿಸಿತು. 2014ರಲ್ಲಿ, ಹದವರಿತು ಹಿಡಿಯುವವರಿಗೆ ಮನ್ನಣೆ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರವೂ ಬಂತು, ಭಾರತದಲ್ಲೇ ಮೊದಲನೆಯದು. ಹೊಟ್ಟೆ ಉಳಿಸಿದ್ದು ಯಾವುದು, ನೀವೇ ಹೇಳಿ.

ಹಾಗಂತ ತಪ್ಪೆಲ್ಲ ಹೆಕ್ಕುವವರ ತಲೆಗೆ ಕಟ್ಟುವುದೂ ಬೇಡ. ನಿಮ್ಮ ಅಘನಾಶಿನಿ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ, ಉಪ್ಪುನೀರು ಸಿಹಿನೀರು ಹದವಾಗಿ ಬೆರೆಯುತ್ತವೆ. ಪಕ್ಕದ ಹೊನ್ನಾವರದಲ್ಲಿ ನೋಡಿ. ಕರೆಂಟು ತೆಗೆದು ಬಿಟ್ಟ ಸಿಹಿನೀರು ಶರಾವತಿಯಲ್ಲಿ ವರ್ಷವಿಡೀ ಹರಿದು ಅಳಿವೆಯ ಉಪ್ಪು ಇಳಿಯಿತು, ಬಳಚು ಹೆಚ್ಚುಕಮ್ಮಿ ಮಾಯವಾಯಿತು. ಯೂನಿಟ್ ಎಣಿಸಲು ಮನೆಮನೆಗೂ ಮೀಟರ್ ಹಾಕಿದ್ದೇವೆ. ಹೋದ ಬಳಚಿಗೆ ಅಂಥ ಮೀಟರ್ ಇಲ್ಲ. ಶಾಲೆ ಹೇಗಿದೆ ಅಂದರೆ ಹಾಜರಿ ಪುಸ್ತಕ ತೋರಿಸುವ ಜನ ನಾವು. ಮಕ್ಕಳಿಗೆ ಓದಲು ಬರುತ್ತಾ ಅಂತ ಕೇಳಿದವರೇ ಕೆಟ್ಟವರು.

ಮುಂದಿನ ಸಲ ಪೇಟೆಯಲ್ಲಿ ಸುಮ್ನೆ ಬೆಲೆ ಚೌಕಾಸಿ ಮಾಡಿ ಬರಬೇಡಿ. 'ಬುಟ್ಟಿ ತುಂಬಲು ಎಷ್ಟು ಹೊತ್ತು ಹಿಡೀತಕ್ಕಾ?' ಅಂತಲೂ ಕೇಳಿ. ಅವರು ಹೇಳಿದ್ದನ್ನು ಹಾಗೇ ಬರೆದು ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇನೆ.