ಉಜುವಾಕೋಲಿಯ ಕುರಿತ ನಿಮ್ಮ ಲೇಖನ

ಮಾನ್ಯರೆ,

ನೈಜೀರಿಯದ ಓವೆರಿ ಪ್ರಾಂತ್ಯದಲ್ಲಿ ವಸಾಹತು ಆಡಳಿತದ ಕಾಲದ ಕುಷ್ಠರೋಗದ ಸಾಮಾಜಿಕ ಚರಿತ್ರೆ ಎಂದು ನೀವು ಕಳಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ವಿಷಯದ ಆಯ್ಕೆ ಮೆಚ್ಚುವಂಥದ್ದು. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಕಾರಣವನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತೇನೆ.

ನಿಮ್ಮ ಬರಹದಲ್ಲಿ ವೈದ್ಯರು ಬರುತ್ತಾರೆ, ಕಟ್ಟುತ್ತಾರೆ, ಗುಣಪಡಿಸುತ್ತಾರೆ. ರೋಗಿಗಳನ್ನು ಮಾತ್ರ ಕರೆತರಲಾಗುತ್ತದೆ, ಇರಿಸಲಾಗುತ್ತದೆ, ಕಳಿಸಲಾಗುತ್ತದೆ. 1932ರಲ್ಲಿ ಮೆಥಡಿಸ್ಟ್ ಮಿಷನ್ನಿನವರು ಆ ಪ್ರಾಂತ್ಯದ ಉಜುವಾಕೋಲಿಯಲ್ಲಿ ತೆರೆದ ಕುಷ್ಠರೋಗಿಗಳ ವಸತಿನೆಲೆಗೆ ಬಂದವರಲ್ಲಿ ಇಕೋಲಿ ಹಾರ್ಕೋರ್ಟ್ ವೈಟ್ ಒಬ್ಬರು. ಅವರನ್ನು ನೀವು ‘ಹಾಡುತ್ತಿದ್ದ ಒಬ್ಬ ರೋಗಿ’ ಎಂದು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ. ಹದಿಹರೆಯದಲ್ಲೇ ರೋಗ ಕಾಣಿಸಿಕೊಂಡು, ಪೋರ್ಟ್ ಹಾರ್ಕೋರ್ಟಿನ ಆಸ್ಪತ್ರೆಯಲ್ಲಿದ್ದು, ಅನಂತರ ಇಲ್ಲಿ ರೋಗಿಗಳದೇ ಗಾಯನವೃಂದವನ್ನು ಬೆಳೆಸಿ, ಬೇರೆ ನುಡಿಯ ಕಲಬಾರಿ ಜನಾಂಗದವರಾದರೂ ಆ ಸೀಮೆಯ ಇಗ್ಬೊ ಭಾಷೆಯಲ್ಲಿ ವೃಂದಗೀತೆಗಳನ್ನು ರಚಿಸುತ್ತ ಹೋದವರು ಅವರು. ಮುಟ್ಟಲು ಜನ ಹೆದರುತ್ತಿದ್ದವರ ಗೀತೆಗಳನ್ನು ಇಗ್ಬೊ ನಾಡಿನ ಚರ್ಚುಗಳು ತಮ್ಮವನ್ನಾಗಿ ಮಾಡಿಕೊಂಡದ್ದು ಹೇಗೆ? ನಿಮ್ಮ ಲೇಖನದ ಜೀವ ಇರಬೇಕಾದದ್ದು ಅಲ್ಲಿ.

‘ರೋಗಾಣು ಬೆರಳುಗಳನ್ನು ತಿಂದುಹಾಕುತ್ತದೆ’ ಎಂಬ ವಾಕ್ಯ ತಪ್ಪು, ಅದನ್ನು ತೆಗೆಯಲೇಬೇಕು. ರೋಗಾಣು ನರವನ್ನು ಕೆಡಿಸುತ್ತದೆ, ಸ್ಪರ್ಶ ಸತ್ತುಹೋಗುತ್ತದೆ. ಕುದಿಯುವ ಗಡಿಗೆಯನ್ನು ಬರಿಗೈಯಲ್ಲಿ ಇಳಿಸಿದ ಹೆಂಗಸಿಗೆ ಸುಟ್ಟದ್ದು ತಿಳಿಯುವುದಿಲ್ಲ, ಗುದ್ದಲಿಯ ಹಿಡಿ ಅಂಗೈಯನ್ನು ಉಜ್ಜಿ ಹುಣ್ಣಾಗಿಸಿದರೂ ರೈತನಿಗೆ ನೋವಾಗುವುದಿಲ್ಲ. ಹುಣ್ಣು ಕೀವಾಗಿ ಕೈ ಮೊಂಡಾಗುವುದು ಆಮೇಲೆ. ಯಾಮ್ ಗೆಡ್ಡೆಯ ಬೇಸಾಯದಿಂದಲೇ ಗಂಡಸಿನ ಮರ್ಯಾದೆಯನ್ನು ಅಳೆಯುತ್ತಿದ್ದ ಸಮಾಜದಲ್ಲಿ ಗುದ್ದಲಿ ಹಿಡಿಯಲಾಗದ ಕೈಗೆ ಏನು ಅರ್ಥವಿತ್ತೆಂಬುದನ್ನು ಬರೆದಿದ್ದರೆ ವೈದ್ಯಕೀಯ ಮತ್ತು ಸಮಾಜ ಒಂದೇ ಪ್ಯಾರಾದಲ್ಲಿ ಕೂಡುತ್ತಿದ್ದವು.

ಔಷಧದ ಭಾಗ ಚೆನ್ನಾಗಿದೆ. ಕುಷ್ಠಕ್ಕೆ ಹಿಂದೆ ಕೊಡುತ್ತಿದ್ದ, ಚಾಲಮೋಗ್ರ ಜಾತಿಯ ಮರಗಳ ಬೀಜದೆಣ್ಣೆಯ ನೋವಿನ ಚುಚ್ಚುಮದ್ದನ್ನು ನೀವು ವಿವರಿಸಿದ್ದೀರಿ. ಅಂಥ ಎಣ್ಣೆ ಕೊಡುವ ಮರಗಳಲ್ಲೊಂದು ನಮ್ಮ ಪಶ್ಚಿಮ ಘಟ್ಟದ ಗರುಡಫಲ ಎಂಬುದನ್ನು ಸೇರಿಸಿದರೆ ಕನ್ನಡದ ಓದುಗರಿಗೆ ವಿಷಯ ಹತ್ತಿರವಾದೀತು. 1940ರ ದಶಕದ ಕೊನೆಯಲ್ಲಿ ವೈದ್ಯ ಜಾನ್ ಲೋ ಉಜುವಾಕೋಲಿಯಲ್ಲೇ ಡ್ಯಾಪ್ಸೋನ್ ಎಂಬ ಔಷಧದ ಮಾತ್ರೆಯನ್ನು ನುಂಗಿಸಿ ಫಲ ಕಂಡದ್ದನ್ನು ವಿಜಯಗಾಥೆಯಾಗಿಸಿ ನಿಲ್ಲಿಸಿಬಿಟ್ಟಿದ್ದೀರಿ. ಅಗ್ಗದ ಮಾತ್ರೆಯನ್ನು ಹಳ್ಳಿಯ ಚಿಕಿತ್ಸಾಲಯದಲ್ಲೇ ಕೊಡಬಹುದಾದ ಮೇಲೆ ಪ್ರತ್ಯೇಕ ವಸತಿಗೆ ವೈದ್ಯಕೀಯ ಕಾರಣವೇ ತೆಳುವಾಯಿತು. ಆದರೆ ಗುಣವಾದವನಿಗೆ ಅಣ್ಣತಮ್ಮಂದಿರು ಹೊಲದ ಪಾಲು ಬಿಟ್ಟುಕೊಟ್ಟರೇ? ಹೆಂಡತಿ ಕಾದಿದ್ದಳೇ? ವಸತಿಯಲ್ಲಿ ಹುಟ್ಟಿದ ಮಗುವನ್ನು ಯಾರು ಸಾಕಿದರು? ಈ ಪ್ರಶ್ನೆಗಳನ್ನು ನೀವು ಕೇಳಿಯೇ ಇಲ್ಲ. ಮಿಷನ್ನಿನ ವರದಿಗಳನ್ನಷ್ಟೇ ನೆಚ್ಚಿದ್ದರಿಂದ ಹೀಗಾಗಿದೆ ಎನಿಸುತ್ತದೆ. ಆ ವರದಿಗಳು ದಾನಿಗಳಿಗಾಗಿಯೂ ಬರೆದವು ಎಂಬುದನ್ನು ಮರೆಯಬೇಡಿ.

ಆಫ್ರಿಕವನ್ನು ‘ಕತ್ತಲ ಖಂಡ’ವೆಂದು ಬಣ್ಣಿಸುವ ಮೊದಲ ಪುಟಗಳನ್ನು ಪೂರ್ತಿ ಬಿಡಿ. 1967ರಿಂದ 1970ರವರೆಗಿನ ನೈಜೀರಿಯದ ಅಂತರ್ಯುದ್ಧವನ್ನು ಒಂದು ಸಾಲಿನಲ್ಲಿ ದಾಟಿದ್ದೀರಿ. ಓಡಲಾರದವರ ನೆಲೆಯೊಂದು ಯುದ್ಧವನ್ನು ಹೇಗೆ ಎದುರಿಸಿತೆಂಬುದಕ್ಕೆ ಆ ಪುಟಗಳ ಜಾಗವನ್ನು ಕೊಡಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ, ಓದಿ ಉತ್ತರಿಸುತ್ತೇನೆ.

ಇಂತು,
ಸಂಪಾದಕ