ಸ್ವಂತ ಪಶು ಚಿಕಿತ್ಸಾಲಯ ತೆರೆಯುವವರು ಬ್ಯಾಂಕ್ ಖಾತೆ, ಲೆಕ್ಕದ ಸಾಫ್ಟ್‌ವೇರ್ ಆರಿಸುವುದು ಹೇಗೆ?

ಹೊಸ ಕ್ಲಿನಿಕ್‌ಗೆ ಎಂಥ ಬ್ಯಾಂಕ್ ಖಾತೆ ಬೇಕು, ಬಿಲ್ಲು ಮತ್ತು ಲೆಕ್ಕಕ್ಕೆ ಏನನ್ನು ಕೊಳ್ಳಬೇಕು ಅಂತ ಕೇಳಿದ್ದೀರಿ. ನಾನೂ ಪಶುವೈದ್ಯನೇ. ಹನ್ನೊಂದು ವರ್ಷದಿಂದ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೇನೆ, ಅದರಲ್ಲಿ ಮೊದಲ ಮೂರು ವರ್ಷ ಲೆಕ್ಕದ ವಿಷಯದಲ್ಲಿ ಶುದ್ಧ ದಡ್ಡನಾಗಿದ್ದೆ. ಬ್ಯಾಂಕಿನ ಹೆಸರು ಹೇಳಲ್ಲ, ಯಾಕಂದ್ರೆ ನಮ್ಮ ಕಸುಬಿನಲ್ಲಿ ದುಡ್ಡು ಸೋರುವುದು ಬ್ಯಾಂಕಿನಲ್ಲಲ್ಲ. ತಪಾಸಣೆ ಟೇಬಲ್ಲಿನಿಂದ ಕೌಂಟರಿಗೆ ಬರುವ ಹತ್ತು ಹೆಜ್ಜೆಯಲ್ಲಿ ಸೋರುತ್ತದೆ. ಹಾಗಾಗಿ ಮೊದಲು ಸಾಫ್ಟ್‌ವೇರ್, ಆಮೇಲೆ ಬ್ಯಾಂಕು.

ಪಾದ ಸೀಳಿಕೊಂಡ ನಾಯಿ ಬಂತು ಅಂದುಕೊಳ್ಳಿ. ಮಂಪರು ಬರಿಸುವ ಇಂಜೆಕ್ಷನ್ ಕೊಟ್ಟಿರಿ, ಗಾಯ ತೊಳೆದಿರಿ, ಹೊಲಿಗೆ ಹಾಕಿದಿರಿ, ಬ್ಯಾಂಡೇಜ್ ಸುತ್ತಿದಿರಿ, ನೋವಿನ ಇಂಜೆಕ್ಷನ್ ಕೊಟ್ಟಿರಿ, ಹೇಗೂ ಮಲಗಿದೆಯಲ್ಲ ಅಂತ ಉಗುರನ್ನೂ ಕತ್ತರಿಸಿದಿರಿ. ಅಷ್ಟರಲ್ಲಿ ಮುಂದಿನ ಕೇಸು ಬಾಗಿಲಲ್ಲಿ. ಕೌಂಟರಿಗೆ ಕೂಗಿ ಹೇಳುವುದು ಏನು? “ಹೊಲಿಗೆ, ಬ್ಯಾಂಡೇಜ್.” ಮಿಕ್ಕಿದ್ದೆಲ್ಲ ಧರ್ಮಕ್ಕೆ. ನಾನೊಮ್ಮೆ ಒಂದು ತಿಂಗಳು ಪ್ರತಿ ಸಂಜೆ ಕೂತು ಕೇಸ್ ಶೀಟನ್ನೂ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಸರಿಹೊಂದಿದ ದಿನ ಒಂದೂ ಇರಲಿಲ್ಲ. ಆದ್ದರಿಂದ ನೀವು ಕೇಸ್ ಶೀಟಿನಲ್ಲಿ ಬರೆದದ್ದು ತಾನಾಗಿಯೇ ಬಿಲ್ಲಿಗೆ ಹೋಗಬೇಕು. ಅದಾಗದ ಸಾಫ್ಟ್‌ವೇರ್ ಎಷ್ಟೇ ಚಂದದ ಗ್ರಾಫ್ ತೋರಿಸಿದರೂ ಬೇಡ. ಕೆಲವೊಮ್ಮೆ ಬೇಕಂತಲೇ ಪುಕ್ಕಟೆ ಮಾಡುತ್ತೇವೆ, ಅದು ಬೇರೆ ಮಾತು. ಅದನ್ನೂ ಪೂರ್ತಿ ದರ ಬರೆದು, ಕೆಳಗೆ ರಿಯಾಯಿತಿ ಅಂತ ಕಳೆಯಿರಿ. ವರ್ಷಕ್ಕೆ ಎಷ್ಟು ಉದಾರಿಯಾಗಿದ್ದೀರಿ ಅಂತ ಆಗ ಗೊತ್ತಾಗುತ್ತದೆ.

ಇನ್ನೊಂದು ಪರೀಕ್ಷೆ, ಔಷಧಿಯ ದಾಸ್ತಾನು. ಅಂಗಡಿಗಳಿಗೆಂದು ಮಾಡಿದ ಬಿಲ್ಲಿಂಗ್ ಪ್ಯಾಕೇಜುಗಳು ಬಾಟಲಿಯನ್ನು ಒಂದು ನಗ ಅಂತ ಎಣಿಸುತ್ತವೆ. ನಮ್ಮಲ್ಲಿ 50 ಮಿ.ಲೀ. ಬಾಟಲಿಯಿಂದ ಒಂದು ನಾಯಿಗೆ 1.5, ಒಂದು ಬೆಕ್ಕಿಗೆ 0.3 ಹೋಗುತ್ತದೆ, ಸಿರಿಂಜಿನಲ್ಲಿ ಚೂರು ಉಳಿಯುತ್ತದೆ. ಮಿ.ಲೀ. ಲೆಕ್ಕದಲ್ಲಿ ಕಳೆಯಲು ಬರಬೇಕು, ವ್ಯರ್ಥವಾದದ್ದನ್ನು ಬರೆಯಲು ಜಾಗವಿರಬೇಕು. ಕೆಟಮಿನ್‌ನಂಥ ನಿಯಂತ್ರಿತ ಔಷಧಿಗಳಿಗೆ ಈ ಲೆಕ್ಕ ಹೇಗೂ ಬೇಕು. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಎರಡೂ ಕಾಣಬೇಕು. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಕೂತಿರುವ ಲಸಿಕೆಯೂ ನಿಮ್ಮ ದುಡ್ಡೇ, ಅವಧಿ ಮುಗಿದ ಮರುದಿನ ಕಸ.

ಇನ್ನು ಬ್ಯಾಂಕಿಗೂ ಬಿಲ್ಲಿಗೂ ತಾಳೆ ಹಾಕುವ ಕೆಲಸ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇರುವುದು ಮನುಷ್ಯರ ಹೆಸರು, ನಮ್ಮ ತಲೆಯಲ್ಲಿ ಇರುವುದು ನಾಯಿಯ ಹೆಸರು. ಕರೆತಂದದ್ದು ಮಗಳು, ಫೈಲು ತಾಯಿಯ ಹೆಸರಿನಲ್ಲಿ, ದುಡ್ಡು ಬಂದದ್ದು ಅಳಿಯನ ಖಾತೆಯಿಂದ, ಷರಾದಲ್ಲಿ “ಟಾಮಿ” ಅಂತ ಒಂದೇ ಪದ. ಆ ವಾರ ನಮ್ಮಲ್ಲಿ ಮೂರು ಟಾಮಿಗಳಿದ್ದವು. ನಾಯಿಯ ಚರ್ಮದಡಿ ಗುರುತಿಗೆಂದು ಹಾಕುವ ಮೈಕ್ರೋಚಿಪ್ಪಿನ 15 ಅಂಕಿ ಟಾಮಿ ಯಾರೆಂದು ಹೇಳುತ್ತದೆ, ಬಾಕಿ ಯಾರದೆಂದು ಹೇಳುವುದಿಲ್ಲ. ಪಾವತಿಯ ಜತೆ ಬಿಲ್ ಸಂಖ್ಯೆ ತಾನಾಗಿಯೇ ಹೋಗುವ ವ್ಯವಸ್ಥೆ ಇದೆಯೇ, ಬ್ಯಾಂಕಿನ ವಹಿವಾಟು ನೇರವಾಗಿ ಲೆಕ್ಕದ ಸಾಫ್ಟ್‌ವೇರಿಗೆ ಬರುತ್ತದೆಯೇ ಅಂತ ಕೇಳಿ. ಬ್ಯಾಂಕ್ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ, ಬಡ್ಡಿ ಆಮೇಲೆ.

ಖಾತೆ ವ್ಯವಹಾರದ ಹೆಸರಿನಲ್ಲಿ ಪ್ರತ್ಯೇಕವಾಗಿರಲಿ. ಮನೆಖರ್ಚು ಅದರೊಳಗೆ ಬರಬಾರದು, ತಿಂಗಳಿಗೊಮ್ಮೆ ಸಂಬಳ ಅಂತ ಒಂದು ಮೊತ್ತ ತೆಗೆದುಕೊಳ್ಳಿ. ತೆರಿಗೆಗೆಂದು ಎರಡನೇ ಖಾತೆ ತೆರೆದು ವಾರಕ್ಕೊಮ್ಮೆ ಅಲ್ಲಿಗೆ ದಾಟಿಸಿ. ಶಸ್ತ್ರಚಿಕಿತ್ಸೆಗೆ ತೊಗೊಂಡ ಮುಂಗಡ ಕೆಲಸ ಮುಗಿಯುವವರೆಗೆ ಆದಾಯವಲ್ಲ, ನಿಮ್ಮ ಮೇಲಿನ ಋಣ.

ಕಾರ್ಡ್ ಮಷೀನಿನ ಕಡಿತವನ್ನು ಬಿಲ್ಲಿನ ಜತೆ ಹೋಲಿಸಬೇಡಿ, ಲಾಭದ ಜತೆ ಹೋಲಿಸಿ. ನೂರರ ಬಿಲ್ಲಿನಲ್ಲಿ ನಿಮಗೆ ಉಳಿಯುವುದು ಹತ್ತು ಅಂತಾದರೆ, ಎರಡು ಪರ್ಸೆಂಟ್ ಕಡಿತ ಅಂದರೆ ಲಾಭದ ಐದನೇ ಒಂದು ಭಾಗ ಹೋಯಿತು. ಕಡಿತ ಕಳೆದು 98 ಜಮೆಯಾದರೂ ಪುಸ್ತಕದಲ್ಲಿ ಆದಾಯ 100, ಖರ್ಚು 2 ಅಂತಲೇ ಬರೆಯಿರಿ. ರಜೆಯ ಹಿಂದಿನ ದಿನದ ದುಡ್ಡು ಯಾವತ್ತು ಖಾತೆಗೆ ಬೀಳುತ್ತದೆ ಅನ್ನುವುದನ್ನೂ ಬರವಣಿಗೆಯಲ್ಲೇ ಪಡೆಯಿರಿ.

ಸಾಲದ ಬಗ್ಗೆ ನನ್ನ ಲೆಕ್ಕ ಸರಳ. ಔಷಧಿ ತರಿಸಲು ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬ್ಯಾಂಕ್ ಕೊಡುವ ಸಾಲ), ಎಕ್ಸ್‌ರೇ, ಅಲ್ಟ್ರಾಸೌಂಡ್‌ಗೆ ಕಂತಿನ ಸಾಲ. ಮಷೀನು ಮೂಲೆಗೆ ಬಿದ್ದ ಮೇಲೂ ಕಂತು ಕಟ್ಟುವಂತಿರಬಾರದು. ವಾರಕ್ಕೆ ಎಷ್ಟು ಸ್ಕ್ಯಾನ್ ಆದರೆ ಕಂತು ಹುಟ್ಟುತ್ತದೆ ಅಂತ ಎಣಿಸಿ, ಅದರ ಅರ್ಧವೇ ಬಂದರೂ ನಡೆಯುತ್ತದೆಯೇ ನೋಡಿ.

ನನಗೆ ಬಿದ್ದ ಏಟನ್ನೂ ಹೇಳಿಬಿಡುತ್ತೇನೆ. ಬಿಲ್ ಮಾಡುವುದು, ನಗದು ತೆಗೆದುಕೊಳ್ಳುವುದು, ಬಿಲ್ ರದ್ದು ಮಾಡುವುದು, ಬ್ಯಾಂಕಿನ ತಾಳೆ, ಎಲ್ಲ ಒಬ್ಬರೇ ನೋಡುತ್ತಿದ್ದರು. ನಗದು ಕೊಟ್ಟ ಗಿರಾಕಿ ಗೇಟು ದಾಟಿದ ಮೇಲೆ ಬಿಲ್ ರದ್ದಾಗುತ್ತಿತ್ತು. ಒಬ್ಬ ಯಜಮಾನರು ಹಳೆಯ ರಸೀದಿ ಹಿಡಿದು ಬಂದಾಗ ನಮ್ಮಲ್ಲಿ ಆ ಸಂಖ್ಯೆಯೇ ಇರಲಿಲ್ಲ. ಈಗ ರದ್ದು, ರಿಫಂಡ್ ಎರಡಕ್ಕೂ ನನ್ನ ಪಾಸ್‌ವರ್ಡ್ ಬೇಕು, ರದ್ದಾದ ಬಿಲ್ಲಿನ ಪಟ್ಟಿ ರಾತ್ರಿ ಫೋನಿಗೆ ಬರುತ್ತದೆ. ದೊಡ್ಡ ಮೊತ್ತ ಹೊರಗೆ ಹೋಗಲು ಇಬ್ಬರ ಒಪ್ಪಿಗೆ ಬೇಕು. ಲೆಕ್ಕಿಗರಿಗೆ ಖಾತೆ ನೋಡಲು ಮಾತ್ರ ಲಾಗಿನ್. ಈ ಸೌಲಭ್ಯ ಕೊಡದ ಬ್ಯಾಂಕನ್ನು ನಾನಂತೂ ಪಟ್ಟಿಯಿಂದ ತೆಗೆಯುತ್ತೇನೆ.

ದಯಾಮರಣದ ಬಿಲ್ಲು ನಮ್ಮ ಕಸುಬಿಗೇ ಇರುವ ಕಷ್ಟ. ನಾಯಿಯ ಖಾಲಿ ಕತ್ತಿನ ಬೆಲ್ಟು ಕೈಯಲ್ಲಿ ಹಿಡಿದು ನಿಂತವರ ಮುಂದೆ ಕಾರ್ಡ್ ಮಷೀನ್ ಚಾಚುವುದು ನನ್ನಿಂದಾಗದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ ಹಣದ ಮಾತು ಮುಗಿಸುತ್ತೇವೆ, ಆಗಲ್ಲ ಅಂದವರಿಗೆ ಎರಡು ದಿನ ಬಿಟ್ಟು ಲಿಂಕ್ ಕಳಿಸುತ್ತೇವೆ. ಆಮೇಲೆ ಆ ಫೈಲಿಗೆ “ಲಸಿಕೆಯ ದಿನ ಬಂತು” ಅನ್ನುವ ಮೆಸೇಜ್ ಹೋಗದಂತೆ ಸಾಫ್ಟ್‌ವೇರ್ ನಿಲ್ಲಿಸಬೇಕು. ಇದನ್ನು ಖರೀದಿಗೆ ಮುಂಚೆಯೇ ಪರೀಕ್ಷಿಸಿ.

ಡೆಮೊ ತೋರಿಸುವವರಿಗೆ ಅವರ ಉದಾಹರಣೆ ಬಿಟ್ಟು ಇದನ್ನು ಕೊಡಿ: ಒಬ್ಬರದೇ ಮೂರು ಮರಿ, ಮೂರಕ್ಕೂ ಲಸಿಕೆ, ಒಂದಕ್ಕೆ ಜಂತುಹುಳುವಿನ ಮಾತ್ರೆಯೂ ಸೇರಿ ಒಂದೇ ಬಿಲ್ಲು, ಅರ್ಧ ನಗದು ಅರ್ಧ ಕಾರ್ಡು, ಮರುದಿನ ಮಾತ್ರೆ ವಾಪಸ್. ಫೋನು ಎತ್ತಿ ಯಾರನ್ನೂ ಕೇಳದೆ ಸ್ಕ್ರೀನಿನ ಮೇಲೆ ಮಾಡಿ ತೋರಿಸಲಿ. ಹಾಗೇ ಎಲ್ಲ ಡೇಟಾ ಹೊರತೆಗೆಯುವ ಬಟನ್ ಎಲ್ಲಿದೆ ಅಂತಲೂ ಕೇಳಿ.