ನಾಯಿಗಳ ಹೃದ್ರೋಗದ ಮೇಲೆ ಆರು ತಿಂಗಳ ಪ್ರಾಜೆಕ್ಟ್: ಎಕೋ ಇಲ್ಲದೆ ಮಾಡಬಹುದೇ?

ಮಾಡಬಹುದು. ಪಶುವೈದ್ಯಕೀಯದ ಕೊನೆಯ ವರ್ಷದಲ್ಲಿದ್ದೀರಿ, ಆರು ತಿಂಗಳ ಸಮಯವಿದೆ, ಎಕೋ ಯಂತ್ರ (ಹೃದಯದ ಅಲ್ಟ್ರಾಸೌಂಡ್) ಸಿಗುವುದಿಲ್ಲ, ಆದರೆ ಎದೆಯ ಹಳೆಯ ಎಕ್ಸ್‌ರೇಗಳು ಬೇಕಾದಷ್ಟಿವೆ ಎಂದು ಬರೆದಿದ್ದೀರಿ. ಒಂದು ಒಳ್ಳೆಯ ಪ್ರಾಜೆಕ್ಟಿಗೆ ಅಷ್ಟು ಸಾಕು. ಬದಲಾಗಬೇಕಾದ್ದು ನೀವು ಕೊಟ್ಟಿರುವ ಶೀರ್ಷಿಕೆ. ‘ನಾಯಿಗಳಲ್ಲಿ ಹೃದ್ರೋಗ: ಒಂದು ಅಧ್ಯಯನ’ ಎಂದರೆ ಅದರಲ್ಲಿ ಕವಾಟದ ಕಾಯಿಲೆ, ಹೃದಯದ ಸ್ನಾಯು ಸೊರಗುವ ಕಾಯಿಲೆ, ಹುಟ್ಟಿನಿಂದ ಬರುವ ದೋಷಗಳು, ಸೊಳ್ಳೆಯಿಂದ ಹರಡುವ ಹಾರ್ಟ್‌ವರ್ಮ್ ಎಂಬ ಹುಳುವಿನ ಕಾಯಿಲೆ ಎಲ್ಲವೂ ಬಂದುಬಿಡುತ್ತವೆ. ಇವುಗಳ ಕಾರಣ ಬೇರೆ, ಬರುವ ವಯಸ್ಸು ಬೇರೆ, ತಳಿ ಬೇರೆ. ಎಲ್ಲವನ್ನೂ ಒಂದೇ ಪಟ್ಟಿಗೆ ಹಾಕಿ ಶೇಕಡಾವಾರು ತೆಗೆದರೆ ಆ ಅಂಕಿಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ನಾನು ಸಣ್ಣ ಪ್ರಾಣಿಗಳ ಚಿಕಿತ್ಸೆಯಲ್ಲಿದ್ದೇನೆ, ವಿದ್ಯಾರ್ಥಿಗಳ ಪ್ರಾಜೆಕ್ಟುಗಳನ್ನೂ ನೋಡುತ್ತೇನೆ. ನನ್ನ ಸಲಹೆ ಇದು: ಒಂದು ಕಾಯಿಲೆ, ಒಂದು ಅಳತೆ ಆರಿಸಿಕೊಳ್ಳಿ. ಆಮೇಲೆ ನಿಮ್ಮ ಆ ಅಳತೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎನ್ನುವುದನ್ನೇ ಸಂಶೋಧನೆಯ ಪ್ರಶ್ನೆ ಮಾಡಿ.

ಕಾಯಿಲೆ ಎಂದರೆ ಮೈಟ್ರಲ್ ಕವಾಟದ್ದನ್ನೇ (ಹೃದಯದ ಎಡಭಾಗದ ಮೇಲಿನ, ಕೆಳಗಿನ ಕೋಣೆಗಳ ನಡುವಿನ ಕವಾಟ) ತೆಗೆದುಕೊಳ್ಳಿ. ಉತ್ತರ ಅಮೆರಿಕದ ನಾಯಿಗಳ ಹೃದ್ರೋಗದಲ್ಲಿ ಸುಮಾರು ಮುಕ್ಕಾಲು ಪಾಲು ಇದೇ. 20 ಕೆ.ಜಿ.ಗಿಂತ ಕಡಿಮೆ ತೂಕದ, ವಯಸ್ಸಾದ ನಾಯಿಗಳಲ್ಲಿ ಹೆಚ್ಚು. ಕ್ಯಾವಲಿಯರ್ ಸ್ಪ್ಯಾನಿಯಲ್‌ಗಳಲ್ಲಿ ಬೇಗನೇ ಶುರುವಾಗುತ್ತದೆ. ಕವಾಟದ ಎಲೆಗಳು ದಪ್ಪವಾಗಿ, ಗಂಟುಗಂಟಾಗಿ, ಸರಿಯಾಗಿ ಮುಚ್ಚದೆ ರಕ್ತ ಎಡ ಹೃತ್ಕರ್ಣಕ್ಕೆ, ಅಂದರೆ ಎಡಭಾಗದ ಮೇಲಿನ ಕೋಣೆಗೆ, ಹಿಂದಕ್ಕೆ ಸೋರುತ್ತದೆ. ಹೃತ್ಕರ್ಣ ಹಿಗ್ಗುತ್ತದೆ, ಬರುಬರುತ್ತಾ ಶ್ವಾಸಕೋಶದಲ್ಲಿ ನೀರು ತುಂಬುವ ಹಂತಕ್ಕೂ ಹೋಗಬಹುದು. ಮನುಷ್ಯರ ಹೃದಯಾಘಾತದ ಚಿತ್ರ ತಲೆಯಲ್ಲಿಟ್ಟುಕೊಂಡು ಕೊಲೆಸ್ಟ್ರಾಲ್ ಕಡೆಗೆ ಹೋಗಬೇಡಿ. ಹೃದಯದ ರಕ್ತನಾಳ ಕಟ್ಟಿಕೊಂಡು ಬರುವ ಆಘಾತ ನಾಯಿಗಳಲ್ಲಿ ಅಪರೂಪ.

‘ಔಷಧ ಕೊಟ್ಟ ನಾಯಿಗಳು ಎಷ್ಟು ಕಾಲ ಬದುಕಿದವು ನೋಡಬಹುದೇ’ ಎಂದೂ ಕೇಳಿದ್ದೀರಿ. ಆರು ತಿಂಗಳಲ್ಲಿ ಸಾಧ್ಯವಿಲ್ಲ. ಪಿಮೊಬೆಂಡಾನ್ ಎಂಬ ಹೃದಯದ ಔಷಧದ ಮೇಲಿನ ‘ಎಪಿಕ್’ ಎಂಬ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ 360 ನಾಯಿಗಳಿದ್ದವು, ಹಲವು ದೇಶಗಳ ಆಸ್ಪತ್ರೆಗಳು ಕೈಜೋಡಿಸಿದ್ದವು. ಎಲ್ಲವಕ್ಕೂ ಹೃದಯ ದೊಡ್ಡದಾಗಿತ್ತು, ಆದರೆ ಹೃದಯ ವೈಫಲ್ಯದ ಲಕ್ಷಣ ಇನ್ನೂ ಬಂದಿರಲಿಲ್ಲ. ಹೃದಯ ವೈಫಲ್ಯ ಅಥವಾ ಹೃದಯದ ಕಾರಣದ ಸಾವು ಬರುವವರೆಗಿನ ಮಧ್ಯಾಂಕ ಅವಧಿ (ಅರ್ಧದಷ್ಟು ನಾಯಿಗಳು ಆ ಹಂತ ಮುಟ್ಟಲು ಹಿಡಿದ ಕಾಲ) ಔಷಧ ಪಡೆದವುಗಳಲ್ಲಿ 1,228 ದಿನ, ಪಡೆಯದವುಗಳಲ್ಲಿ 766 ದಿನ. ಹತ್ತಿರ ಹತ್ತಿರ 15 ತಿಂಗಳ ಅಂತರ. ವರ್ಷಗಟ್ಟಲೆ ನಿಧಾನವಾಗಿ ಸಾಗುವ ಕಾಯಿಲೆ ಇದು; ನಿಮ್ಮ ಅವಧಿಯಲ್ಲಿ ಏನೂ ಕಾಣದೆ ಹೋಗಬಹುದು, ಕಂಡರೂ ಅದು ಔಷಧದಿಂದಲೇ ಎಂದು ಹೇಳಲಾಗುವುದಿಲ್ಲ.

ಆದರೆ ಇದೇ ಅಧ್ಯಯನದಿಂದ ನಿಮ್ಮ ಪ್ರಾಜೆಕ್ಟಿಗೆ ದಾರಿ ಸಿಗುತ್ತದೆ. ಔಷಧ ಯಾವಾಗ ಶುರು ಮಾಡಬೇಕು ಎನ್ನುವುದು ಹೃದಯ ಎಷ್ಟು ದೊಡ್ಡದಾಗಿದೆ ಎನ್ನುವುದರ ಮೇಲೆ ನಿಂತಿದೆ. ಎಕೋ ಇದ್ದರೆ ಅದರಲ್ಲೇ ಅಳೆಯಬೇಕು. ಇಲ್ಲದಿದ್ದಾಗ ಎಕ್ಸ್‌ರೇಯಲ್ಲಿ ವರ್ಟಿಬ್ರಲ್ ಹಾರ್ಟ್ ಸ್ಕೋರ್ (ವಿಎಚ್‌ಎಸ್), ಅಂದರೆ ಬೆನ್ನುಮೂಳೆಯ ಬಿಲ್ಲೆಗಳ ಲೆಕ್ಕದಲ್ಲಿ ಹೃದಯದ ಗಾತ್ರ, 11.5 ಅಥವಾ ಹೆಚ್ಚಿದ್ದರೆ ಔಷಧ ಶುರು ಮಾಡುವ ಹಂತ ಎಂದು ಪರಿಗಣಿಸಬಹುದು ಎಂದು 2019ರ ತಜ್ಞರ ಮಾರ್ಗಸೂಚಿ ಹೇಳುತ್ತದೆ, ತಳಿಯನ್ನೂ ಗಮನದಲ್ಲಿಟ್ಟು. ಈಗ ಯೋಚಿಸಿ. ಒಂದೇ ಫಿಲ್ಮನ್ನು ನೀವು ಅಳೆದಾಗ 11.2 ಬಂತು, ನಿಮ್ಮ ಸಹಪಾಠಿ ಅಳೆದಾಗ 11.7 ಬಂತು. ಒಬ್ಬರ ಲೆಕ್ಕದಲ್ಲಿ ಆ ನಾಯಿಗೆ ಇಂದೇ ಔಷಧ ಶುರು, ಇನ್ನೊಬ್ಬರ ಲೆಕ್ಕದಲ್ಲಿ ಇನ್ನೂ ಕಾಯಬೇಕು. ಈ ವ್ಯತ್ಯಾಸ ಎಷ್ಟು ಸಲ ಬರುತ್ತದೆ, ಯಾವ ಫಿಲ್ಮುಗಳಲ್ಲಿ ಬರುತ್ತದೆ, ಏಕೆ ಬರುತ್ತದೆ? ಇದನ್ನು ಎಕೋ ಇಲ್ಲದೆ, ಹೊಸದಾಗಿ ಒಂದು ನಾಯಿಯನ್ನೂ ಮುಟ್ಟದೆ ಕಂಡುಹಿಡಿಯಬಹುದು. ಎಕೋ ಇಲ್ಲದ ಕಡೆ ಕೆಲಸ ಮಾಡುವ ಪ್ರತಿಯೊಬ್ಬ ವೈದ್ಯರಿಗೂ ಈ ಉತ್ತರ ಬೇಕು.

ಅಳತೆ ಹೇಗೆ ಎಂದರೆ, ನಾಯಿಯನ್ನು ಪಕ್ಕಕ್ಕೆ ಮಲಗಿಸಿ ತೆಗೆದ ಫಿಲ್ಮ್ ತೆಗೆದುಕೊಳ್ಳಿ. ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದ ಕೆಳ ಅಂಚಿನಿಂದ ಹೃದಯದ ತುದಿಯವರೆಗೆ ಒಂದು ಗೆರೆ. ಅದಕ್ಕೆ ಲಂಬವಾಗಿ, ಹೃದಯ ಅತಿ ಅಗಲವಿರುವ ಕಡೆ ಇನ್ನೊಂದು ಗೆರೆ. ಎರಡನ್ನೂ ಬೆನ್ನುಮೂಳೆಯ ಮೇಲೆ, ಎದೆಭಾಗದ ನಾಲ್ಕನೇ ವರ್ಟಿಬ್ರಾದ (ಬೆನ್ನುಮೂಳೆಯ ಬಿಲ್ಲೆ) ಮುಂದಿನ ಅಂಚಿನಿಂದ ಹಿಂದಕ್ಕೆ ಇಟ್ಟು, ಎಷ್ಟು ವರ್ಟಿಬ್ರಾಗಳಷ್ಟು ಉದ್ದ ಎಂದು ಎಣಿಸಿ ಕೂಡಿಸಿ. 1995ರಲ್ಲಿ ಈ ವಿಧಾನವನ್ನು ಮೊದಲು ವಿವರಿಸಿದಾಗ ಆರೋಗ್ಯವಂತ ನಾಯಿಗಳ ಸರಾಸರಿ 9.7 ಬಂದಿತ್ತು. ಕೇಳುವುದಕ್ಕೆ ಸುಲಭ. ಕೂತು ಅಳೆಯುವಾಗಲೇ ತಾಪತ್ರಯ ತಿಳಿಯುವುದು. ಹೃದಯದ ತುದಿ ಕೊಬ್ಬಿನ ನೆರಳಿನಲ್ಲಿ ಮಸುಕಾಗಿರುತ್ತದೆ. ಹೃತ್ಕರ್ಣ ಹಿಗ್ಗಿದ ನಾಯಿಯಲ್ಲಿ ಶ್ವಾಸನಾಳವೇ ಮೇಲಕ್ಕೆ ಸರಿದಿರುತ್ತದೆ. ಎದೆ ಸ್ವಲ್ಪ ತಿರುಚಿಕೊಂಡಿದ್ದರೆ ಎರಡು ಬದಿಯ ಪಕ್ಕೆಲುಬುಗಳು ಒಂದರ ಮೇಲೊಂದು ಕೂರುವುದಿಲ್ಲ, ಹೃದಯದ ಆಕಾರವೂ ಬದಲಾಗಿ ಕಾಣುತ್ತದೆ. ನಾಲ್ಕನೇ ವರ್ಟಿಬ್ರಾ ಯಾವುದು ಎಂಬುದರಲ್ಲೇ ಇಬ್ಬರಿಗೆ ಭಿನ್ನಾಭಿಪ್ರಾಯ ಬರುತ್ತದೆ. ಪಗ್, ಬುಲ್‌ಡಾಗ್‌ಗಳಲ್ಲಿ ವರ್ಟಿಬ್ರಾಗಳ ಆಕಾರವೇ ಕೆಟ್ಟಿರುವುದುಂಟು. ಅಂಥ ಫಿಲ್ಮುಗಳನ್ನು ಬೇರೆಯಾಗಿಯೇ ಇಡಿ. ಇಂಥ ಪ್ರತಿಯೊಂದು ತೊಡಕನ್ನೂ ಅಳೆಯುವಾಗಲೇ ಒಂದು ಕಾಲಂನಲ್ಲಿ ಬರೆದಿಡಿ. ನಿಮ್ಮ ಪ್ರಾಜೆಕ್ಟಿನಲ್ಲಿ ಅತಿ ಬೆಲೆಬಾಳುವ ಕಾಲಂ ಅದೇ ಆಗುತ್ತದೆ ಎಂದು ನನ್ನ ನಂಬಿಕೆ.

ಹೆಸರು, ವಯಸ್ಸು, ರೋಗನಿರ್ಣಯ ಎಲ್ಲ ಮುಚ್ಚಿ, ಫಿಲ್ಮಿಗೆ ಬರೀ ಒಂದು ಸಂಖ್ಯೆ ಕೊಡಿ. ಸಂಖ್ಯೆ ಕೊಡುವವರು ಅಳೆಯುವವರಾಗಿರಬಾರದು. ಇಬ್ಬರೂ ಬೇರೆ ಬೇರೆ ಕೂತು ಅಳೆಯಿರಿ. ಎರಡು ವಾರ ಬಿಟ್ಟು, ಕ್ರಮ ಬದಲಿಸಿ, ಹಳೆಯ ಅಂಕಿ ನೋಡದೆ ಮತ್ತೊಮ್ಮೆ ಅಳೆಯಿರಿ. ಲೆಕ್ಕದಲ್ಲಿ ಕೋರಿಲೇಶನ್ (ಇಬ್ಬರ ಅಂಕಿಗಳು ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎನ್ನುವ ಅಳತೆ) ತೆಗೆದು 0.9 ಬಂತು ಎಂದು ಅಲ್ಲಿಗೇ ನಿಲ್ಲಿಸಬೇಡಿ. ಒಬ್ಬರು ಪ್ರತಿ ಸಲವೂ ಅರ್ಧ ಅಂಕ ಹೆಚ್ಚು ಅಳೆದರೂ ಕೋರಿಲೇಶನ್ ಚೆನ್ನಾಗಿಯೇ ಬರುತ್ತದೆ. ಸಂಖ್ಯಾಶಾಸ್ತ್ರಜ್ಞರಾದ ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ತೋರಿಸಿದ ಹಾಗೆ, ಪ್ರತಿ ಫಿಲ್ಮಿಗೆ ಇಬ್ಬರ ಅಂಕಿಗಳ ಸರಾಸರಿಯನ್ನು ಅಡ್ಡಕ್ಕೆ, ವ್ಯತ್ಯಾಸವನ್ನು ಉದ್ದಕ್ಕೆ ಗುರುತು ಹಾಕಿ. ಎಷ್ಟು ನಾಯಿಗಳು 11.5ರ ಆಚೆ ಈಚೆ ಹಾರಿದವು ಎಂದೂ ಎಣಿಸಿ. ಪರೀಕ್ಷಕರು ಒಪ್ಪುವುದು ಬೇರೆ ಮಾತು, ಚಿಕಿತ್ಸೆ ಕೊಡುವವರು ಮೊದಲು ನೋಡುವುದು ಈ ಎಣಿಕೆಯನ್ನು.

ಆಸ್ಪತ್ರೆಯ ಹಳೆಯ ಎಕ್ಸ್‌ರೇಗಳಿಂದ ‘ಇಷ್ಟು ಶೇಕಡಾ ನಾಯಿಗಳಿಗೆ ಹೃದಯ ದೊಡ್ಡದಾಗಿದೆ’ ಎಂದು ಮಾತ್ರ ಬರೆಯಬೇಡಿ. ಕೆಮ್ಮು, ಏದುಸಿರು ಇದ್ದದ್ದಕ್ಕೇ ಅವುಗಳ ಎಕ್ಸ್‌ರೇ ತೆಗೆದದ್ದು; ಎಲ್ಲ ನಾಯಿಗಳ ಲೆಕ್ಕ ಅದರಿಂದ ಸಿಗುವುದಿಲ್ಲ.

ಇಸಿಜಿಯನ್ನೂ ಸೇರಿಸಬಹುದೇ ಎಂಬ ಪ್ರಶ್ನೆಗೆ: ಬೇಡ, ಪ್ರಾಜೆಕ್ಟ್ ಹರಡಿಹೋಗುತ್ತದೆ. ಸೇರಿಸಲೇಬೇಕೆಂದು ಗೈಡ್ ಹೇಳಿದರೆ ಒಂದು ವಿಷಯ ತಿಳಿದಿರಿ. ಆರೋಗ್ಯವಂತ ನಾಯಿಯ ಬಡಿತ ಉಸಿರು ಒಳಗೆಳೆದಾಗ ಜೋರಾಗಿ, ಹೊರಬಿಟ್ಟಾಗ ನಿಧಾನವಾಗುತ್ತದೆ. ಕಾಗದದ ಮೇಲೆ ಏರುಪೇರಾಗಿ ಕಾಣುವ ಅದನ್ನು ಕಾಯಿಲೆ ಎಂದು ಗುರುತು ಹಾಕಬೇಡಿ. ಹೃದಯ ವೈಫಲ್ಯ ಬಂದ ನಾಯಿಯಲ್ಲಿ ಸಾಮಾನ್ಯವಾಗಿ ಈ ಏರಿಳಿತವೇ ಮಾಯವಾಗಿ ಬಡಿತ ಒಂದೇ ಸಮ, ವೇಗವಾಗಿ ಓಡುತ್ತಿರುತ್ತದೆ.

ಬದುಕಿರುವ ನಾಯಿಗಳಿಂದಲೂ ಏನಾದರೂ ಸಂಗ್ರಹಿಸುವ ಆಸೆ ನಿಮಗಿದೆ, ಅದು ನನಗೆ ಇಷ್ಟವಾಯಿತು. ಹಾಗಾದರೆ ನಿದ್ದೆಯಲ್ಲಿನ ಉಸಿರಾಟದ ಎಣಿಕೆ ತೆಗೆದುಕೊಳ್ಳಿ, ಎಥಿಕ್ಸ್ ಕಮಿಟಿಯ ಅನುಮತಿ ಮತ್ತು ಮಾಲೀಕರ ಲಿಖಿತ ಒಪ್ಪಿಗೆಯೊಂದಿಗೆ. ಮಾಲೀಕರು ಮನೆಯಲ್ಲಿ ಮಲಗಿರುವ ನಾಯಿಯ ಎದೆ ಕಾಣುವ ಹಾಗೆ ಒಂದು ನಿಮಿಷದ ವಿಡಿಯೊ ತೆಗೆದರೆ ಸಾಕು. ಎದೆ ಏರಿ ಇಳಿದರೆ ಒಂದು ಉಸಿರು. ಕನಸು ಕಾಣುತ್ತಾ ಕಾಲು ಅಲ್ಲಾಡಿಸುತ್ತಿರುವಾಗ ಉಸಿರಿನ ಲಯ ತಪ್ಪುತ್ತದೆ, ಆಗ ಎಣಿಸಬಾರದು. ಸೆಕೆಯಲ್ಲಿ ನಾಲಿಗೆ ಹೊರಹಾಕಿ ತೇಕುತ್ತಿದ್ದಾಗಲೂ ಬೇಡ. ಗಾಢವಾಗಿ ಮಲಗಿರುವ ನಾಯಿಯ ಉಸಿರು ಸಾಮಾನ್ಯವಾಗಿ ನಿಮಿಷಕ್ಕೆ 30ರ ಒಳಗಿರುತ್ತದೆ. ಮಾಲೀಕರ ಎಣಿಕೆ ಮತ್ತು ವಿಡಿಯೊ ನೋಡಿ ನೀವು ಮಾಡಿದ ಎಣಿಕೆ ಎಷ್ಟು ಹೊಂದುತ್ತದೆ ಎನ್ನುವುದು ಇನ್ನೊಂದು ಚೊಕ್ಕ ಪ್ರಶ್ನೆ. ಎಕ್ಸ್‌ರೇ ಕೆಲಸದ ಜೊತೆಗೆ ಇದನ್ನೂ ಹೊತ್ತುಕೊಳ್ಳಬೇಡಿ, ಎರಡರಲ್ಲಿ ಒಂದು.

ಉಸಿರಾಟದ ಎಣಿಕೆಯನ್ನೇ ಆರಿಸಿದರೆ ಮೊದಲ ದಿನವೇ ಗೈಡ್ ಜೊತೆ ಕೂತು ಒಂದು ನಿಯಮ ಬರೆದುಕೊಳ್ಳಿ: ಯಾವುದೇ ವಿಡಿಯೊದಲ್ಲಿ ಎಣಿಕೆ 30 ದಾಟಿದರೆ ಕೂಡಲೇ ಮತ್ತೊಮ್ಮೆ ಎಣಿಸುವುದು, ಆಗಲೂ ಹಾಗೇ ಇದ್ದರೆ ಅದೇ ದಿನ ಮಾಲೀಕರಿಗೂ ಚಿಕಿತ್ಸೆ ನೀಡುವ ವೈದ್ಯರಿಗೂ ಫೋನ್ ಮಾಡುವುದು. ಅದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಮೊದಲ ಸೂಚನೆ ಇರಬಹುದು. ಆ ನಾಯಿಯನ್ನು ನಿಮ್ಮ ಡೇಟಾಗಾಗಿ ಅಡ್ಡ ಮಲಗಿಸಿ ಎಕ್ಸ್‌ರೇ ತೆಗೆಸಲು ಹೋಗಬೇಡಿ. ಉಸಿರಿಗೆ ಒದ್ದಾಡುವ ನಾಯಿ ಆ ಒತ್ತಡದಲ್ಲೇ ಕುಸಿಯಬಹುದು. ಮೊದಲು ಆಮ್ಲಜನಕ ಮತ್ತು ಫ್ಯೂರೋಸೆಮೈಡ್ (ಮೈಯ ಹೆಚ್ಚುವರಿ ನೀರನ್ನು ಮೂತ್ರದಲ್ಲಿ ಹೊರಹಾಕುವ ಔಷಧ) ಕೊಡಬೇಕೇ ಎಂದು ವೈದ್ಯರು ನಿರ್ಧರಿಸಲಿ. ನಿಮ್ಮ ಪಟ್ಟಿಯಲ್ಲಿ ಆ ನಾಯಿಯ ಮುಂದಿನ ಕಾಲಂಗಳು ಖಾಲಿ ಉಳಿದರೂ ಪರವಾಗಿಲ್ಲ, ಏಕೆ ಖಾಲಿ ಎಂದು ಒಂದು ಸಾಲು ಬರೆಯಿರಿ.